ಎದುರಾಳಿಯನ್ನು ಓದುವುದು

ಸ್ಕೌಟ್ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಖಾಕಿ ಅಂಗಿ, ಕೊರಳಿನ ಸ್ಕಾರ್ಫು, ಸ್ವಾತಂತ್ರ್ಯ ದಿನದ ಬೆಳಿಗ್ಗೆ ಧ್ವಜಸ್ತಂಭದ ಸುತ್ತ ಹಾಕುತ್ತಿದ್ದ ರಂಗೋಲಿ ಮತ್ತು ಆಮೇಲೆ ಸಿಗುತ್ತಿದ್ದ ಎರಡು ಪೆಪ್ಪರ್‌ಮಿಂಟು. ನಾನು ಇಂದು ಬರೆಯಹೊರಟಿರುವ ಸ್ಕೌಟಿಂಗ್ ಅದಲ್ಲ. ಪಂದ್ಯಕ್ಕೆ ಮುನ್ನ ಎದುರಾಳಿ ತಂಡದ ಆಟವನ್ನು ಕೂಲಂಕಷವಾಗಿ ನೋಡಿ, ಅದರ ಬಲಾಬಲಗಳನ್ನು ಬರೆದಿಟ್ಟು, ತನ್ನ ತಂಡಕ್ಕೆ ಪಾಠ ಹೇಳುವ ಕೆಲಸಕ್ಕೆ ಅಮೆರಿಕದ ಕಾಲೇಜುಗಳಲ್ಲಿ ಇದೇ ಹೆಸರು. ಕನ್ನಡದಲ್ಲಿ ಬೇಹುಗಾರಿಕೆ ಎಂದು ಬರೆಯಬಹುದಿತ್ತು; ಆದರೆ ಆ ಪದಕ್ಕೆ ಕಳ್ಳತನದ ವಾಸನೆ ಅಂಟಿಕೊಂಡಿದೆ. ಎಲ್ಲರ ಕಣ್ಣೆದುರಿಗೇ ಇರುವುದನ್ನು ಇತರರಿಗಿಂತ ಹೆಚ್ಚು ಹೊತ್ತು ನೋಡುವುದರಲ್ಲಿ ಕಳ್ಳತನವೇನು ಬಂತು? ಆದ್ದರಿಂದ ಸ್ಕೌಟಿಂಗ್ ಎಂಬ ಮಾತನ್ನೇ ಇಟ್ಟುಕೊಳ್ಳುತ್ತೇನೆ.

ಗಣಿತದ ಮೇಷ್ಟ್ರಿಗೂ ಬಾಸ್ಕೆಟ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ನಮ್ಮ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಅಂಕಣವೇ ಇರಲಿಲ್ಲ. ಕಬಡ್ಡಿ, ಖೊಖೊ, ವಾಲಿಬಾಲ್ ಇವಿಷ್ಟೇ ನಮ್ಮ ಲೋಕ. ಆದರೂ ಈ ಬರಹಕ್ಕೆ ಎರಡು ಕಾರಣಗಳಿವೆ. ಒಂದು, 2023ರ ಮಾರ್ಚ್ 17ರಂದು ನಡೆದ ಒಂದು ಪಂದ್ಯ. ಇನ್ನೊಂದು, ನಮ್ಮ ಕುಟುಂಬದ ಹುಡುಗನೊಬ್ಬ ಈ ಸ್ಕೌಟಿಂಗನ್ನೇ ವೃತ್ತಿಯಾಗಿ ಹಿಡಿದಿರುವುದು. ‘ಅವನು ಅಲ್ಲಿ ಮಾಡುವುದಾದರೂ ಏನು?’ ಎಂದು ಬಂಧುಗಳಲ್ಲಿ ಹಲವರು ನನ್ನನ್ನು ಕೇಳಿದ್ದೀರಿ. ಕೆಲವರು ಕೇಳುವ ಧಾಟಿಯಲ್ಲಿಯೇ ಉತ್ತರವನ್ನೂ ಸೇರಿಸಿದ್ದೀರಿ. ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ವಿವರಿಸುವುದಕ್ಕಿಂತ ಒಮ್ಮೆಗೇ ಬರೆದುಬಿಡುವುದು ಮೇಲೆಂದು ತೋರಿತು.

ಆ ವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಾವಿಬ್ಬರೂ ಮಗಳ ಬಾಣಂತನಕ್ಕೆಂದು ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿದ್ದೆವು. ನಾವಿಬ್ಬರೂ ಎನ್ನುವುದು ಮಾತಿಗೆ. ಬಾಣಂತನ ಮಾಡಿದವಳು ನನ್ನ ಹೆಂಡತಿ. ನನ್ನ ಪಾಲಿಗೆ ಬಂದದ್ದು ಪಾತ್ರೆ ತೊಳೆಯುವ ಯಂತ್ರಕ್ಕೆ ತಟ್ಟೆ ಲೋಟಗಳನ್ನು ಜೋಡಿಸುವುದು, ಮಿಕ್ಕ ಹೊತ್ತಿನಲ್ಲಿ ಕಿಟಕಿಯ ಬಳಿ ಕುಳಿತು ಎಲೆಯಿಲ್ಲದ ಮರಗಳನ್ನು ನೋಡುವುದು. ಮಾರ್ಚ್ ನಡುವಿನಲ್ಲಿ ಕಾಲೇಜಿಗೆ ವಾರದ ರಜೆ ಸಿಕ್ಕಿತೆಂದು ಅಕ್ಕನ ಮಗಳ ಮಗ ನಮ್ಮನ್ನು ನೋಡಲು ಬಂದ. ಅಲ್ಲಿಯೇ ಹುಟ್ಟಿ ಬೆಳೆದವನು, ಅದೇ ರಾಜ್ಯದ ಒಂದು ಸಣ್ಣ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹುಡುಗ ಎಂದರೆ ಸಾಕು. ಹೆಗಲಿನ ಚೀಲವನ್ನು ಕೆಳಗಿಡುವ ಮೊದಲೇ ಲ್ಯಾಪ್‌ಟಾಪ್ ತೆರೆದ. ತಾನು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೇನೆ ಎಂದ.

“ಆಡುತ್ತೀಯೇನೋ?” ಎಂದು ಕೇಳಿದೆ.

“ಇಲ್ಲ ಅಜ್ಜ. ನಾನು ಐದಡಿ ಏಳಿಂಚು. ನಾನು ನೋಡ್ತೀನಿ.”

“ನೋಡುವುದಕ್ಕೆ ಸಂಬಳ ಕೊಡುತ್ತಾರೆಯೋ?”

“ಸಂಬಳ ಇಲ್ಲ. ಶೂ ಕೊಡ್ತಾರೆ.”

ಅವನ ಹುದ್ದೆಗೆ ಸ್ಟೂಡೆಂಟ್ ಮ್ಯಾನೇಜರ್ ಎಂದು ಹೆಸರು. ಆಟಗಾರರಿಗೆ ನೀರು, ಟವೆಲ್ ಕೊಡುವುದರಿಂದ ಹಿಡಿದು ಎದುರಾಳಿಗಳ ಪಂದ್ಯಗಳ ವಿಡಿಯೋವನ್ನು ತುಂಡು ತುಂಡಾಗಿ ಕತ್ತರಿಸಿ ಜೋಡಿಸುವವರೆಗೆ ಎಲ್ಲವೂ ಅದರಲ್ಲಿ ಸೇರಿದೆ. ಅವನ ತಂಡ ಆ ಋತುವಿನಲ್ಲಿ ಆಗಲೇ ಸೋತು ಮನೆ ಸೇರಿತ್ತು. ಆದರೆ ಕೈ ಸುಮ್ಮನಿರಲೊಲ್ಲದು. ಅಭ್ಯಾಸಕ್ಕೆಂದು ಅವನು ಪರ್ಡ್ಯೂ ವಿಶ್ವವಿದ್ಯಾನಿಲಯದ ತಂಡದ ಮೇಲೆ ಒಂದು ವರದಿ ತಯಾರಿಸುತ್ತಿದ್ದ. ಪರ್ಡ್ಯೂ ಆ ಶುಕ್ರವಾರ ಸಂಜೆ ನಮ್ಮ ಊರಿನಲ್ಲಿಯೇ, ಅಂದರೆ ಕೊಲಂಬಸ್‌ನಲ್ಲಿಯೇ ಆಡುವುದಿತ್ತು.

ಅಲ್ಲಿನ ಕಾಲೇಜು ಪಂದ್ಯಾವಳಿಯನ್ನು ಕಾಣದವರಿಗೆ ಎರಡು ಮಾತು. ದೇಶದ ಮುನ್ನೂರ ಅರವತ್ತಕ್ಕೂ ಹೆಚ್ಚು ಮೊದಲ ದರ್ಜೆಯ ಕಾಲೇಜು ತಂಡಗಳಿಂದ 68ನ್ನು ಆರಿಸುತ್ತಾರೆ. ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿಯೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ. ಒಮ್ಮೆ ಸೋತರೆ ಮನೆಗೆ. ಮೊದಲ ಶ್ರೇಯಾಂಕದ ತಂಡ ಹದಿನಾರನೆಯದರ ವಿರುದ್ಧ ಆಡುತ್ತದೆ. ಅದು ಹೆಚ್ಚುಕಡಿಮೆ ಬಲಿ ಕೊಡುವ ಪಂದ್ಯ. 1985ರಲ್ಲಿ 64 ತಂಡಗಳ ಪದ್ಧತಿ ಬಂದಂದಿನಿಂದ 2022ರವರೆಗೆ, ಕೋವಿಡ್‌ನಿಂದ ರದ್ದಾದ 2020ನ್ನು ಬಿಟ್ಟು, ಪುರುಷರ ಪಂದ್ಯಾವಳಿಯಲ್ಲಿ ಅಂಥ 148 ಪಂದ್ಯಗಳು ನಡೆದಿದ್ದವು. ಅವುಗಳಲ್ಲಿ 147ನ್ನು ಮೊದಲ ಶ್ರೇಯಾಂಕದವರೇ ಗೆದ್ದಿದ್ದರು. ಒಂದೇ ಒಂದು ಅಪವಾದ: 2018ರಲ್ಲಿ ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿಯ ವಿಶ್ವವಿದ್ಯಾನಿಲಯ ವರ್ಜೀನಿಯಾವನ್ನು 74–54ರಿಂದ ಸೋಲಿಸಿದ್ದು.

ಯಾರು ಯಾರ ವಿರುದ್ಧ ಎಂಬುದು ಭಾನುವಾರ ಸಂಜೆ ಪ್ರಕಟವಾಗುತ್ತದೆ. ಗುರುವಾರ ಇಲ್ಲವೆ ಶುಕ್ರವಾರ ಪಂದ್ಯ. ಹಿಂದೆಂದೂ ಕಂಡಿಲ್ಲದ ತಂಡವನ್ನು ನಾಲ್ಕು ದಿನಗಳಲ್ಲಿ ಅರಿಯಬೇಕು. ಸಹಾಯಕ ತರಬೇತುದಾರರು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ: ಒಬ್ಬ ಮೊದಲ ಎದುರಾಳಿಗೆ, ಅದನ್ನು ಗೆದ್ದರೆ ಎರಡೇ ದಿನಗಳಲ್ಲಿ ಎದುರಾಗಬಹುದಾದ ಇನ್ನೆರಡು ತಂಡಗಳಿಗೆ ಒಬ್ಬೊಬ್ಬ. ಆ ಎರಡರಲ್ಲೊಂದು ಸೋತೇ ಸೋಲುವುದರಿಂದ ಒಬ್ಬನ ನಿದ್ದೆಗೆಟ್ಟ ದುಡಿಮೆ ಕಸದ ಬುಟ್ಟಿ ಸೇರುವುದು ಖಚಿತ. ನಮ್ಮ ಪಬ್ಲಿಕ್ ಪರೀಕ್ಷೆಗೆ ಮೂರು ಪ್ರಶ್ನೆಪತ್ರಿಕೆ ತೆಗೆದು ಒಂದನ್ನು ಮಾತ್ರ ಅಚ್ಚು ಹಾಕಿಸುತ್ತಿದ್ದಂತೆ ಎಂದುಕೊಂಡೆ.

ನೋಡುವುದೆಂದರೆ ಹೇಗೆ ನೋಡುತ್ತಾರೆ ಎಂದು ಹುಡುಗನನ್ನು ಕೇಳಿದೆ. ತಂಡವೊಂದಕ್ಕೆ ಚೆಂಡು ಸಿಕ್ಕಿದ ಕ್ಷಣದಿಂದ ಅದು ಕೈಬಿಟ್ಟು ಹೋಗುವವರೆಗಿನ ಅವಧಿಗೆ ಪೊಸೆಷನ್ ಎನ್ನುತ್ತಾರೆ. ನಲವತ್ತು ನಿಮಿಷದ ಪಂದ್ಯದಲ್ಲಿ ಒಂದು ತಂಡಕ್ಕೆ ಸುಮಾರು 65ರಿಂದ 70 ಪೊಸೆಷನ್‌ಗಳು ಸಿಗುತ್ತವೆ. ಸಿನರ್ಜಿ ಎಂಬ ವ್ಯವಸ್ಥೆಯೊಂದಿದೆ. ಅದರಲ್ಲಿ ಪ್ರತಿ ಪೊಸೆಷನ್ನಿನ ವಿಡಿಯೋವನ್ನೂ ಬಗೆಯ ಪ್ರಕಾರ ವಿಂಗಡಿಸಿ ಇಟ್ಟಿರುತ್ತಾರೆ. ಒಬ್ಬ ಆಟಗಾರ ಎಡಕ್ಕೆ ನುಗ್ಗಿದ ಸಂದರ್ಭಗಳೆಲ್ಲ ಬೇಕೆಂದರೆ ಸಾಲಾಗಿ ಬಂದು ನಿಲ್ಲುತ್ತವೆ. ಕೆನ್ ಪೊಮೆರಾಯ್ ಎಂಬಾತನ ಅಂಕಿಅಂಶಗಳ ತಾಣವೊಂದಿದೆ; ಯಾವ ತಂಡ ನೂರು ಪೊಸೆಷನ್ನಿಗೆ ಎಷ್ಟು ಅಂಕ ಗಳಿಸುತ್ತದೆ, ಎಷ್ಟು ಬಿಟ್ಟುಕೊಡುತ್ತದೆ ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಲೆಕ್ಕದ ಮಟ್ಟಿಗೆ ನನಗೆ ಎಲ್ಲವೂ ಕೂಡಲೇ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಹುಡುಗನ ತಾಳ್ಮೆ. ಎದುರಾಳಿಯ ಕೊನೆಯ ಐದು ಪಂದ್ಯಗಳನ್ನಾದರೂ ಆದಿಯಿಂದ ಅಂತ್ಯದವರೆಗೆ ನೋಡಬೇಕಂತೆ. ಯಂತ್ರ ವಿಂಗಡಿಸಿ ಕೊಟ್ಟದ್ದು ಸಾಲದು. ಐದನ್ನು ಎಪ್ಪತ್ತರಿಂದ ಗುಣಿಸಿ: ಮುನ್ನೂರೈವತ್ತು ಬಾರಿ, ಒಂದೊಂದನ್ನೂ ಎರಡು ಮೂರು ಸಲ.

“ಮೊದಲನೇ ಸಲ ಚೆಂಡು ನೋಡ್ತೀವಿ ಅಜ್ಜ. ಎರಡನೇ ಸಲ ಚೆಂಡಿಲ್ಲದೆ ಇರೋ ನಾಲ್ಕು ಜನರನ್ನು ನೋಡಬೇಕು. ಕೆಲಸ ಇರೋದು ಅಲ್ಲಿ,” ಎಂದ.

ಈ ಮಾತನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ತರಗತಿಯಲ್ಲಿ ಕೈಯೆತ್ತಿದವನನ್ನು ನೋಡುವುದು ಸುಲಭ. ಕೈಯೆತ್ತದ ನಲವತ್ತು ಮಕ್ಕಳು ಆಗ ಏನು ಮಾಡುತ್ತಿದ್ದಾರೆ ಎಂದು ನೋಡಲು ನನಗೆ ಕೆಲವು ವರ್ಷಗಳೇ ಹಿಡಿದವು.

ನೋಡಿದ್ದೆಲ್ಲವನ್ನೂ ವರದಿಯಲ್ಲಿ ತುಂಬಿದರೆ ತರಬೇತುದಾರರು ಅದನ್ನು ಹಿಂದಿರುಗಿಸುತ್ತಾರಂತೆ. ಹುಡುಗನ ಕಡತದಲ್ಲಿ ಪರ್ಡ್ಯೂ ಕುರಿತು ನಲವತ್ತಕ್ಕೂ ಹೆಚ್ಚು ಅಂಶಗಳಿದ್ದವು. ಆಟಗಾರರ ಕೈಗೆ ಹೋಗಬೇಕಾದ ಹಾಳೆಯಲ್ಲಿ ಇರಬೇಕಾದದ್ದು ಮೂರೋ ನಾಲ್ಕೋ. ಇಪ್ಪತ್ತು ವರ್ಷದ ಹುಡುಗ ಓಡುತ್ತಾ, ಏದುಸಿರು ಬಿಡುತ್ತಾ, ಸಾವಿರಾರು ಜನರ ಕೂಗಿನ ನಡುವೆ ನೆನಪಿಟ್ಟುಕೊಳ್ಳಬಲ್ಲದ್ದು ಅಷ್ಟೇ. ಹಾಗಾದರೆ ಉಳಿದ ಮೂವತ್ತಾರನ್ನು ನೋಡಿದ್ದು ವ್ಯರ್ಥವೇ ಎಂದರೆ, ಅವನ್ನು ನೋಡದೆ ಈ ನಾಲ್ಕು ಯಾವುವೆಂದು ತಿಳಿಯುವುದಿಲ್ಲ ಎಂದ.

ಆಮೇಲೆ ಅಭ್ಯಾಸ. ತನ್ನದೇ ತಂಡದ ಮೀಸಲು ಆಟಗಾರರಿಗೆ ಎದುರಾಳಿಯ ವೇಷ ಕಟ್ಟಿಸುತ್ತಾರೆ. ‘ನೀನು ನಾಳೆಯವರೆಗೆ ಅವರ ಐದನೆಯ ಸಂಖ್ಯೆಯವನು, ಅವನಂತೆಯೇ ಓಡು, ಅವನು ಎಸೆಯುವ ಜಾಗದಿಂದಲೇ ಎಸೆ.’ ಇದಕ್ಕೆ ಸ್ಕೌಟ್ ಟೀಮ್ ಎಂದು ಹೆಸರು. ಪ್ರವಾಸದಲ್ಲಿ ಅಂಕಣ ಸಿಗದಿದ್ದರೆ ಹೋಟೆಲಿನ ಸಭಾಂಗಣದ ನೆಲಕ್ಕೆ ಅಂಟುಪಟ್ಟಿಯಿಂದ ಗೆರೆ ಹಾಕಿಕೊಂಡು ನಡೆದು ಅಭ್ಯಾಸ ಮಾಡುತ್ತಾರೆ. ಎದುರಾಳಿಯಲ್ಲಿ ಬಹು ಎತ್ತರದವನಿದ್ದರೆ ಅವನ ಕೈಗಳ ಬದಲಿಗೆ ಉದ್ದ ಹಿಡಿಯ ಕಸಪೊರಕೆ ಎತ್ತಿ ಹಿಡಿಯುವ ಕೆಲಸ ನಮ್ಮ ಹುಡುಗನಂಥವರದು.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ 1979ರದು. ಮಿಷಿಗನ್ ಸ್ಟೇಟ್ ತಂಡ ಅಂತಿಮ ಪಂದ್ಯದಲ್ಲಿ ಇಂಡಿಯಾನ ಸ್ಟೇಟನ್ನು ಎದುರಿಸಬೇಕಿತ್ತು. ಇಂಡಿಯಾನ ಸ್ಟೇಟ್ ಆ ಋತುವಿನಲ್ಲಿ 33 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. ಅದರ ಜೀವಾಳ ಲ್ಯಾರಿ ಬರ್ಡ್. ಬರ್ಡ್‌ನ ಪಾತ್ರ ಮಾಡಬಲ್ಲ ಮೀಸಲು ಆಟಗಾರ ಎಲ್ಲಿ ಸಿಗಬೇಕು? ತರಬೇತುದಾರ ಜಡ್ ಹೀತ್‌ಕೋಟ್ ತನ್ನ ಅತ್ಯುತ್ತಮ ಆಟಗಾರ ಮ್ಯಾಜಿಕ್ ಜಾನ್ಸನ್‌ನನ್ನೇ ಅಭ್ಯಾಸದಲ್ಲಿ ಬರ್ಡ್ ಆಗಿಸಿದ. ಅಂತಿಮ ಪಂದ್ಯದಲ್ಲಿ ಬರ್ಡ್ ಎಸೆದ 21ರಲ್ಲಿ ಬುಟ್ಟಿ ಸೇರಿದ್ದು ಏಳೇ. ಮಿಷಿಗನ್ ಸ್ಟೇಟ್ 75–64ರಿಂದ ಗೆದ್ದಿತು.

ಇದನ್ನು ಕೇಳಿದಾಗ ನನಗೆ ಬಿ.ಇಡಿ. ದಿನಗಳು ನೆನಪಾದವು. ಶಾಲೆಗೆ ಪಾಠಾಭ್ಯಾಸಕ್ಕೆ ಕಳುಹಿಸುವ ಮೊದಲು ನಮ್ಮಿಂದ ಮೈಕ್ರೋ ಟೀಚಿಂಗ್ ಮಾಡಿಸುತ್ತಿದ್ದರು. ಒಬ್ಬ ಮೇಷ್ಟ್ರು, ಮಿಕ್ಕ ಸಹಪಾಠಿಗಳು ಎಂಟನೆಯ ತರಗತಿಯ ಮಕ್ಕಳು. ಮೀಸೆ ಹೊತ್ತ ಗಂಡಸರು ‘ಸಾರ್, ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತೆ ಸಾರ್?’ ಎಂದು ಎಳೆ ದನಿಯಲ್ಲಿ ಕೇಳುತ್ತಿದ್ದರು. ಆಗ ನಗು ಬರುತ್ತಿತ್ತು. ಆದರೆ ತಂಟೆಕೋರ ಹುಡುಗನ ಪಾತ್ರವನ್ನು ಚೆನ್ನಾಗಿ ಮಾಡುತ್ತಿದ್ದ ಗೆಳೆಯನೇ ಮುಂದೆ ತಂಟೆಕೋರರನ್ನು ಸಂಭಾಳಿಸುವುದರಲ್ಲಿ ನಮಗಿಂತ ನಿಪುಣನಾದ. ತಾಳಮದ್ದಲೆಯ ಅರ್ಥಧಾರಿಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಂದು ಕೃಷ್ಣನ ಅರ್ಥ ಹೇಳುವವನು ನಾಳೆ ಕೌರವನಾಗಬೇಕಾದವನು, ಎದುರು ಕುಳಿತವನ ವಾದ ಅವನಿಗೆ ಮೊದಲೇ ಗೊತ್ತಿರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ಕಾಲೇಜು ನಿಯಮದ ಪ್ರಕಾರ ಮುಂದಿನ ಎದುರಾಳಿಯ ಪಂದ್ಯಕ್ಕೆ ಸ್ವತಃ ಹೋಗಿ ಕುಳಿತು ಸ್ಕೌಟಿಂಗ್ ಮಾಡುವಂತಿಲ್ಲ. ಒಂದೇ ಪಂದ್ಯಾವಳಿಗೆ ಒಂದೇ ಸ್ಥಳಕ್ಕೆ ಬಂದ ತಂಡಗಳಿಗೆ ಮಾತ್ರ ವಿನಾಯಿತಿ. ಸಿರಿವಂತ ಕಾಲೇಜು ಊರೂರಿಗೆ ಜನ ಕಳಿಸಬಲ್ಲದು, ಬಡ ಕಾಲೇಜಿಗೆ ಆಗದು. ಅದರಿಂದ ಖರ್ಚಿನ ದೃಷ್ಟಿಯಿಂದ 1990ರ ದಶಕದಲ್ಲಿ ಈ ನಿರ್ಬಂಧ ಬಂತು. ವಿಡಿಯೋ ಮಾತ್ರ ಎಲ್ಲರಿಗೂ ಸಮಾನ. ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದು ಅದೇ 2023ರ ಕೊನೆಯಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದ ಪ್ರಕರಣದಲ್ಲಿ ಕಾಣಿಸಿತು. ಎದುರಾಳಿಗಳ ಪಂದ್ಯಗಳಿಗೆ ಟಿಕೆಟ್ ಕೊಂಡು, ಪರಿಚಿತರನ್ನು ಕೂರಿಸಿ, ತರಬೇತುದಾರರ ಕೈಸನ್ನೆಗಳನ್ನು ಚಿತ್ರೀಕರಿಸಿದರೆಂದು ದೊಡ್ಡ ಗದ್ದಲವಾಗಿ, ಮುಖ್ಯ ತರಬೇತುದಾರ ಮೂರು ಪಂದ್ಯ ಹೊರಗುಳಿಯಬೇಕಾಯಿತು. ಈ ಸುದ್ದಿ ಓದಿದಾಗ ನನಗೆ ನಮ್ಮ ಶಾಲೆಯ ದೈಹಿಕ ಶಿಕ್ಷಕರು ನೆನಪಾದರು. ತಾಲ್ಲೂಕು ಕ್ರೀಡಾಕೂಟದಲ್ಲಿ ಹುಣಿಸೆ ಮರದ ಬುಡದಲ್ಲಿ ಕುಳಿತು, ಎದುರು ಶಾಲೆಯ ರೇಡರ್ ಗೆರೆ ದಾಟುವಾಗ ಯಾವ ಕಾಲನ್ನು ಮುಂದಿಡುತ್ತಾನೆ ಎಂದು ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಬರೆದುಕೊಳ್ಳುತ್ತಿದ್ದರು. ಅಮೆರಿಕದ ನಿಯಮ ಅವರಿಗೆ ಅನ್ವಯಿಸುತ್ತಿದ್ದರೆ ನಮಗೆ ಆ ಎರಡು ಶೀಲ್ಡುಗಳು ಬರುತ್ತಿರಲಿಲ್ಲ.

ಇನ್ನು ಪಂದ್ಯಕ್ಕೆ ಬರುತ್ತೇನೆ.

ಪರ್ಡ್ಯೂ ಇಂಡಿಯಾನ ರಾಜ್ಯದ ದೊಡ್ಡ ವಿಶ್ವವಿದ್ಯಾನಿಲಯ, ಮೊದಲ ಶ್ರೇಯಾಂಕದ ತಂಡ. ಅದರಲ್ಲಿ ಝಾಕ್ ಈಡಿ ಎಂಬ ಕೆನಡಾದ ತರುಣನಿದ್ದ. ಎತ್ತರ ಏಳಡಿ ನಾಲ್ಕಿಂಚು. ಆ ವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರನೆಂಬ ಗೌರವ ಅವನಿಗೇ ಸಂದಿತು. ಎದುರಾಳಿ ಹದಿನಾರನೆಯ ಶ್ರೇಯಾಂಕದ ಫೇರ್‌ಲೇ ಡಿಕಿನ್ಸನ್, ನ್ಯೂಜೆರ್ಸಿಯದು. ಹಿಂದಿನ ವರ್ಷ ಈ ತಂಡ ಗೆದ್ದದ್ದು ನಾಲ್ಕು ಪಂದ್ಯ, ಸೋತದ್ದು ಇಪ್ಪತ್ತೆರಡು. ಆಮೇಲೆ ಟೋಬಿನ್ ಆಂಡರ್ಸನ್ ಎಂಬ ಹೊಸ ತರಬೇತುದಾರ ಎರಡನೆಯ ದರ್ಜೆಯ ಸಣ್ಣ ಕಾಲೇಜೊಂದರಿಂದ ಬಂದ. ಬರುವಾಗ ಅಲ್ಲಿನ ತನ್ನ ಕೆಲವು ಹುಡುಗರನ್ನೂ ಕರೆತಂದ. ಅವರಲ್ಲಿ ಡಿಮೀಟ್ರೆ ರಾಬರ್ಟ್ಸ್ ಐದಡಿ ಎಂಟಿಂಚು, ಗ್ರಾಂಟ್ ಸಿಂಗಲ್ಟನ್ ಐದಡಿ ಒಂಬತ್ತಿಂಚು. ಸರಾಸರಿ ಎತ್ತರದಲ್ಲಿ ಇಡೀ ಮೊದಲ ದರ್ಜೆಯ ಅತ್ಯಂತ ಗಿಡ್ಡ ತಂಡ ಅದು. ತಮ್ಮ ವಲಯದ ಅಂತಿಮ ಪಂದ್ಯವನ್ನೂ ಅವರು ಮೆರಿಮ್ಯಾಕ್ ಎಂಬ ಕಾಲೇಜಿಗೆ ಒಂದು ಅಂಕದಿಂದ ಸೋತಿದ್ದರು. ಮೆರಿಮ್ಯಾಕ್ ಎರಡನೆಯ ದರ್ಜೆಯಿಂದ ಮೇಲೇರುತ್ತಿದ್ದ ಅವಧಿಯಲ್ಲಿದ್ದುದರಿಂದ ಅದಕ್ಕೆ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆಯಿರಲಿಲ್ಲ. ಹಾಗಾಗಿ ಸೋತವರಿಗೆ ಟಿಕೆಟ್ ಸಿಕ್ಕಿತು.

ಹದಿನೈದನೇ ತಾರೀಕು ಬುಧವಾರ ಡೇಟನ್‌ನಲ್ಲಿ ಅವರು ಟೆಕ್ಸಸ್ ಸದರ್ನ್ ತಂಡವನ್ನು 84–61ರಿಂದ ಸೋಲಿಸಿ ಪರ್ಡ್ಯೂ ಎದುರು ನಿಲ್ಲುವ ಹಕ್ಕು ಗಳಿಸಿದರು. ಆ ರಾತ್ರಿ ಉಡುಪು ಬದಲಿಸುವ ಕೋಣೆಯಲ್ಲಿ ಆಂಡರ್ಸನ್ ತನ್ನ ಹುಡುಗರಿಗೆ, ಪರ್ಡ್ಯೂ ತಂಡವನ್ನು ನೋಡಿದಷ್ಟೂ ಅವರನ್ನು ಸೋಲಿಸಬಹುದೆಂದು ತನಗೆ ಹೆಚ್ಚು ಹೆಚ್ಚು ಅನಿಸುತ್ತಿದೆ ಎಂಬರ್ಥದ ಮಾತು ಹೇಳಿದ. ಅಲ್ಲಿ ಕ್ಯಾಮೆರಾ ಇತ್ತು. ಮರುದಿನ ಅದು ದೇಶವೆಲ್ಲ ಹರಡಿತು. ಸೊಕ್ಕು ಎಂದರು, ಹುಚ್ಚು ಎಂದರು. ನಾನು ಗಮನಿಸಿದ್ದು ಬೇರೆ. ಟೆಕ್ಸಸ್ ಸದರ್ನ್ ಜೊತೆಗಿನ ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಅವನು ಇದನ್ನು ಹೇಳಿದ್ದ. ಎಂದರೆ, ತನಗೆ ದಕ್ಕುವುದೋ ಇಲ್ಲವೋ ತಿಳಿಯದ ಪಂದ್ಯಕ್ಕಾಗಿ ಅವನು ಆಗಲೇ ಕುಳಿತು ನೋಡಿದ್ದ. ‘ನೋಡಿದಷ್ಟೂ’ ಎಂಬ ಪದವನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅಷ್ಟು ನೋಡಿ ಅವನು ಕಂಡದ್ದಾದರೂ ಏನು? ನಮ್ಮ ಹುಡುಗ ತನ್ನ ವಿಡಿಯೋಗಳನ್ನು ತೋರಿಸಿದ. ಪರ್ಡ್ಯೂ ತಂಡದಲ್ಲಿ ಚೆಂಡನ್ನು ಮುನ್ನಡೆಸುವ ಬ್ರೇಡನ್ ಸ್ಮಿತ್ ಮತ್ತು ಅವನ ಜೊತೆಗಾರ ಫ್ಲೆಚರ್ ಲೋಯರ್ ಇಬ್ಬರೂ ಮೊದಲ ವರ್ಷದವರು. ಹಿಂದಿನ ಭಾನುವಾರವಷ್ಟೇ ತಮ್ಮ ವಲಯದ ಅಂತಿಮ ಪಂದ್ಯದಲ್ಲಿ ಪೆನ್ ಸ್ಟೇಟ್ ತಂಡ ಅಂಕಣದುದ್ದಕ್ಕೂ ಬೆನ್ನುಹತ್ತಿದಾಗ ಪರ್ಡ್ಯೂವಿನ ದೊಡ್ಡ ಮುನ್ನಡೆ ಕರಗಿ, ಹೇಗೋ 67–65ರಿಂದ ಪಾರಾಗಿತ್ತು. ಈಡಿಯ ಕೈಗೆ ಚೆಂಡು ತಲುಪಿದ ಮೇಲೆ ಯಾರಿಂದಲೂ ಏನೂ ಆಗದು. ಆದರೆ ಚೆಂಡನ್ನು ಅವನಿಗೆ ತಲುಪಿಸುವವರು ಹದಿನೆಂಟು ಹತ್ತೊಂಬತ್ತರ ಹುಡುಗರು. ಇನ್ನು ದೂರದಿಂದ ಎಸೆಯುವ ಮೂರಂಕದ ಹೊಡೆತಗಳಲ್ಲಿ ಪರ್ಡ್ಯೂವಿನ ಯಶಸ್ಸು ನೂರಕ್ಕೆ ಸುಮಾರು 32, ಅಂದರೆ ಸಾಧಾರಣ.

“ಹಾಗಾದರೆ ಇವರು ಗೆಲ್ಲುತ್ತಾರೆಯೋ?” ಎಂದೆ.

“ಇಲ್ಲ ಅಜ್ಜ. ಪರ್ಡ್ಯೂ ಇಪ್ಪತ್ತು ಪಾಯಿಂಟಲ್ಲಿ ಗೆಲ್ಲುತ್ತೆ. ಆದರೆ ಇವರಿಗೆ ಇರೋ ದಾರಿ ಇದೊಂದೇ.”

ಶುಕ್ರವಾರ ಸಂಜೆ ಟಿ.ವಿ. ಮುಂದೆ ಕುಳಿತೆವು. ಒಳಕೋಣೆಯಲ್ಲಿ ಮಗು ಮಲಗಿತ್ತು. ಆದ್ದರಿಂದ ದನಿ ಪೂರ್ತಿ ತಗ್ಗಿಸಿ, ಮೂಕಿ ಚಿತ್ರದಂತೆ ನೋಡಿದೆವು. ಅದೂ ಒಳ್ಳೆಯದೇ ಆಯಿತು, ವಿವರಣೆ ಹೇಳಲು ಪಕ್ಕದಲ್ಲಿಯೇ ಜನವಿತ್ತು. ಗಿಡ್ಡ ಹುಡುಗರು ಮೊದಲ ನಿಮಿಷದಿಂದಲೇ ಪರ್ಡ್ಯೂ ಹುಡುಗರನ್ನು ಅಂಕಣದುದ್ದಕ್ಕೂ ಅಟ್ಟಿಸಿಕೊಂಡು ಹೋದರು. ಈಡಿಗೆ ಒಬ್ಬ ಮುಂದೆ, ಒಬ್ಬ ಹಿಂದೆ. ಮುಂದಿನವನು ಅವನ ಎದೆಯ ಮಟ್ಟಕ್ಕೂ ಬಾರದವನಂತೆ ಕಾಣುತ್ತಿದ್ದ. ಆದರೂ ಚೆಂಡು ಬರುವ ದಾರಿಯಲ್ಲಿ ಅಡ್ಡ ನಿಂತಿದ್ದ. ಇಬ್ಬರು ಈಡಿಯ ಬಳಿ ಇದ್ದರೆಂದರೆ ಬೇರೆಲ್ಲೋ ಒಬ್ಬ ಪರ್ಡ್ಯೂ ಆಟಗಾರ ಒಂಟಿಯಾಗಿ, ಅಡ್ಡಿಯಿಲ್ಲದೆ ನಿಂತಿದ್ದಾನೆಂದೇ ಅರ್ಥ. ಚೆಂಡು ಅವನಿಗೆ ಹೋಗುತ್ತಿತ್ತು. ಅವನು ಎಸೆಯುತ್ತಿದ್ದ. ಬೀಳುತ್ತಿರಲಿಲ್ಲ.

ವಿರಾಮಕ್ಕೆ 32–31, ಗಿಡ್ಡರು ಮುಂದೆ. ಹುಡುಗ ಸೋಫಾದಿಂದಿಳಿದು ನೆಲದ ಮೇಲೆ ಕುಳಿತ. ಕೊನೆಯ ಘಟ್ಟದಲ್ಲಿ ಶಾನ್ ಮೂರ್ ಎಂಬ ಕೊಲಂಬಸ್ ಪ್ರದೇಶದ ಹುಡುಗನೇ, ತನ್ನ ಮನೆಯವರ ಊರಿನಲ್ಲಿಯೇ, ಮೂರಂಕದ ಹೊಡೆತವೊಂದನ್ನು ಬುಟ್ಟಿಗೆ ಸೇರಿಸಿ ಅಂತರವನ್ನು ಐದಕ್ಕೇರಿಸಿದ. ಅವನದು ಒಟ್ಟು ಹತ್ತೊಂಬತ್ತು ಅಂಕ. 63–58. ನಮ್ಮ ಹುಡುಗ ಕೂಗಲಾರದೆ ದಿಂಬಿಗೆ ಮುಖವೊತ್ತಿ ಕೂಗಿದ. ಇಪ್ಪತ್ತು ಪಾಯಿಂಟಿನ ಭವಿಷ್ಯವನ್ನು ನಾನು ನೆನಪಿಸಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಅಂಕಪಟ್ಟಿ ಹಿಡಿದು ಕುಳಿತೆ, ಗಣಿತದವನ ಚಾಳಿ. ಈಡಿ 11 ಎಸೆದು 7 ಹಾಕಿದ್ದ, 21 ಅಂಕ, 15 ರಿಬೌಂಡ್. ಎಂದರೆ ಅವನನ್ನು ಯಾರೂ ತಡೆದಿರಲಿಲ್ಲ; ಅವನ ಕೈಗೆ ಚೆಂಡು ಹೋಗುವುದನ್ನು ತಡೆದಿದ್ದರು. ಪರ್ಡ್ಯೂ 16 ಬಾರಿ ಚೆಂಡು ಕಳೆದುಕೊಂಡಿತ್ತು. ಮೂರಂಕದ ಹೊಡೆತಗಳಲ್ಲಿ 26ಕ್ಕೆ 5. ಇಲ್ಲಿ ನಾನು ಹುಡುಗನನ್ನು ತಡೆದು ಕೇಳಿದೆ. ಅವರ ಎಂದಿನ ನೂರಕ್ಕೆ 32ರ ಲೆಕ್ಕ ಹಿಡಿದರೆ 26ರಲ್ಲಿ ಎಂಟಾದರೂ ಬೀಳಬೇಕಿತ್ತು. ಮೂರು ಹೆಚ್ಚು ಬಿದ್ದಿದ್ದರೆ ಒಂಬತ್ತು ಅಂಕ. ಸೋತದ್ದು ಐದರಿಂದ. ಹಾಗಾದರೆ ಗೆದ್ದದ್ದು ಸ್ಕೌಟಿಂಗೋ ಅದೃಷ್ಟವೋ?

ಅವನು ಯೋಚಿಸಿ, “ಅದೃಷ್ಟ ಎಲ್ಲಿ ಬರಬೇಕು ಅಂತ ಅವರು ಜಾಗ ಮಾಡಿಟ್ಟರು,” ಎಂದ. ಇಪ್ಪತ್ತರ ಹುಡುಗನ ಬಾಯಲ್ಲಿ ಈ ಮಾತು ಕೇಳಿ ನಾನು ಸುಮ್ಮನಾದೆ. ಪರ್ಡ್ಯೂ ಎಂದಿನಂತೆ ಚೆಂಡನ್ನು ಈಡಿಗೆ ಕೊಟ್ಟು ಆಡಿದ್ದರೆ ಅಲ್ಲಿ ಅದೃಷ್ಟಕ್ಕೆ ಪ್ರವೇಶವೇ ಇರುತ್ತಿರಲಿಲ್ಲ.

ಎರಡು ದಿನಗಳ ನಂತರ ಫೇರ್‌ಲೇ ಡಿಕಿನ್ಸನ್ ಫ್ಲೋರಿಡಾ ಅಟ್ಲಾಂಟಿಕ್‌ಗೆ ಸೋತು ಮನೆಗೆ ಹೋಯಿತು. ಆದರೆ ನನಗೆ ಮುಂದಿನ ವರ್ಷದ ಕಥೆ ಇನ್ನೂ ಹೆಚ್ಚು ಬೋಧಪ್ರದವೆನಿಸಿತು. ಈಡಿ ಹಣದ ಲೋಕಕ್ಕೆ ಹೋಗದೆ ಕಾಲೇಜಿಗೇ ಮರಳಿದ. ತರಬೇತುದಾರ ಮ್ಯಾಟ್ ಪೇಂಟರ್ ಊರವರ ನಗೆಯನ್ನು ನುಂಗಿಕೊಂಡು ತಂಡವನ್ನು ಮತ್ತೆ ಕಟ್ಟಿದ. ಈ ಬಾರಿ ಅದು ದೂರದ ಹೊಡೆತದಲ್ಲಿ ದೇಶದ ಅತ್ಯುತ್ತಮ ತಂಡಗಳಲ್ಲೊಂದಾಯಿತು. 2024ರ ಏಪ್ರಿಲ್ 8ರಂದು ಪರ್ಡ್ಯೂ ಅಂತಿಮ ಪಂದ್ಯಕ್ಕೇ ಬಂದು ನಿಂತಿತು, ಎದುರು ಕನೆಕ್ಟಿಕಟ್ ವಿಶ್ವವಿದ್ಯಾನಿಲಯ. ನಾನು ಊರಿನಲ್ಲಿದ್ದೆ, ಹುಡುಗ ಪಂದ್ಯ ಮುಗಿದ ಮೇಲೆ ಅಂಕಪಟ್ಟಿ ಕಳಿಸಿದ. ಈಡಿ 37 ಅಂಕ ಗಳಿಸಿದ್ದ. ಆದರೂ ಪರ್ಡ್ಯೂ 75–60ರಿಂದ ಸೋತಿತ್ತು. ಮೂರಂಕದ ಹೊಡೆತ: ಎಸೆದದ್ದೇ ಏಳು, ಬಿದ್ದದ್ದು ಒಂದು.

ಈ ಎರಡು ಅಂಕಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನಾನು ಬಹಳ ಹೊತ್ತು ನೋಡಿದ್ದೇನೆ. ಒಬ್ಬನೇ ಈಡಿ. ಗಿಡ್ಡರ ತಂಡ ಅವನನ್ನು ಇಬ್ಬರಿಂದ ಮುತ್ತಿ, ದೂರದವರನ್ನು ‘ಎಸೆಯಿರಿ’ ಎಂದು ಬಿಟ್ಟುಕೊಟ್ಟಿತು. ಕನೆಕ್ಟಿಕಟ್ ಬಳಿ ಏಳಡಿ ಎರಡಿಂಚಿನ ಡೊನೊವನ್ ಕ್ಲಿಂಗನ್ ಇದ್ದ. ಅದರ ತರಬೇತುದಾರ ಡ್ಯಾನ್ ಹರ್ಲಿ ಈಡಿಯನ್ನು ಹೆಚ್ಚಾಗಿ ಒಬ್ಬರ ಪಾಲಿಗೇ ಬಿಟ್ಟು, ‘ನಿನಗೆಷ್ಟು ಬೇಕೋ ಅಷ್ಟು ಗಳಿಸು’ ಎಂಬಂತೆ, ದೂರದಿಂದ ಎಸೆಯುವವರ ಬೆನ್ನನ್ನು ಒಂದು ಕ್ಷಣವೂ ಬಿಡಲಿಲ್ಲ. ಪ್ರಶ್ನೆ ಒಂದೇ, ಉತ್ತರ ತದ್ವಿರುದ್ಧ, ಎರಡೂ ಸರಿ. ಎದುರಾಳಿಯನ್ನು ಎಷ್ಟು ಓದಿದರೂ ಉತ್ತರ ಬರೆಯಬೇಕಾದದ್ದು ತನ್ನ ಬಳಿ ಇರುವ ಹುಡುಗರಿಂದಲೇ. ಒಂದೇ ಪ್ರಮೇಯವನ್ನು ‘ಎ’ ವಿಭಾಗಕ್ಕೆ ಒಂದು ರೀತಿ, ‘ಸಿ’ ವಿಭಾಗಕ್ಕೆ ಇನ್ನೊಂದು ರೀತಿ ಹೇಳುತ್ತಿದ್ದೆನೆಂದು ಆ ‘ಸಿ’ ವಿಭಾಗದವರಲ್ಲಿ ಕೆಲವರಿಗಾದರೂ ನೆನಪಿರಬಹುದು.

ಈಗ ನಮ್ಮ ಹುಡುಗನ ವಿಷಯ. 2024ರಲ್ಲಿ ಪದವಿ ಮುಗಿಸಿದ. ವಿಮಾ ಸಂಸ್ಥೆಯೊಂದರಲ್ಲಿ ಕೆಲಸ ಸಿಗುವುದಿತ್ತು. ಅದನ್ನು ಬಿಟ್ಟು ಮತ್ತೊಂದು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಎಂಬ ಹುದ್ದೆ ಹಿಡಿದ. ಸ್ನಾತಕೋತ್ತರ ಓದಿನ ಶುಲ್ಕ ಮಾಫಿ. ಕೈಗೆ ಬರುವ ಹಣ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ‘ಅಷ್ಟು ಓದಿಸಿದ್ದು ಕಸಪೊರಕೆ ಹಿಡಿಯುವುದಕ್ಕೆಯೇ?’ ಎಂದು ಬಂಧುಗಳೊಬ್ಬರು ಮದುವೆಮನೆಯ ಪಂಕ್ತಿಯಲ್ಲಿ ನನ್ನನ್ನು ಕೇಳಿದರು. ಪೊರಕೆಯ ಸಂಗತಿಯನ್ನು ಅವರಿಗೆ ಹೇಳಿದವನು ನಾನೇ ಆದ್ದರಿಂದ ಉತ್ತರವನ್ನೂ ನಾನೇ ಕೊಡಬೇಕಾಗಿದೆ.

ಅವನ ಭವಿಷ್ಯದ ಬಗ್ಗೆ ಭರವಸೆ ಕೊಡಲು ನಾನು ಜ್ಯೋತಿಷಿಯಲ್ಲ. ಆ ಏಣಿಯಲ್ಲಿ ಮೆಟ್ಟಿಲು ಕಡಿಮೆ, ಹತ್ತುವವರು ಬಹಳ. ಮದುವೆ, ಮನೆ ಎಂಬ ಪ್ರಶ್ನೆಗಳು ಬಂದಾಗ ಅವನು ಇದನ್ನು ಬಿಟ್ಟರೂ ಬಿಡಬಹುದು. ಆದರೆ ಅವನು ಮಾಡುತ್ತಿರುವುದು ಸೋಮಾರಿಯ ಕೆಲಸವಲ್ಲ ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ತಪ್ಪು ಉತ್ತರಕ್ಕೆ ಸೊನ್ನೆ ಹಾಕಲು ಮೇಷ್ಟ್ರೇ ಬೇಕಾಗಿಲ್ಲ. ಈ ಮಗು ಎಲ್ಲಿ, ಯಾವ ಸಾಲಿನಲ್ಲಿ, ಋಣ ಚಿಹ್ನೆಯನ್ನು ದಾಟಿಸುವಾಗ ಎಡವಿತು, ನಾಳೆಯೂ ಅಲ್ಲಿಯೇ ಎಡವುತ್ತದೆಯೇ ಎಂದು ಹುಡುಕುವುದರಲ್ಲಿ ಕೆಲಸವಿತ್ತು. ಹುಡುಗ ರಾತ್ರಿ ಎರಡರವರೆಗೆ ಎಚ್ಚರವಿದ್ದು ಮಾಡುವುದು ಅದನ್ನೇ.

ಆ ಮೊದಲ ಋತುವಿನಲ್ಲಿ ಅವನು ಬರೆದ ವರದಿಯೊಂದನ್ನು, ಪಂದ್ಯ ಮುಗಿದು ವಾರಗಳಾದ ಮೇಲೆ, ನನಗೆ ಕಳುಹಿಸಿದ್ದ. ಎದುರಾಳಿ ತಂಡದ ಪ್ರತಿ ಆಟಗಾರನಿಗೂ ಕೆಲವು ಸಾಲುಗಳು. ಮುಖ್ಯ ಐವರಿಗೆ ಅರ್ಧರ್ಧ ಪುಟ. ಕೊನೆಯಲ್ಲಿ, ಬೆಂಚಿನ ತುದಿಯಲ್ಲಿ ಕೂರುವ ಹುಡುಗನೊಬ್ಬನ ಬಗ್ಗೆಯೂ ಮೂರು ಸಾಲು: ‘ಈ ಋತುವಿನಲ್ಲಿ ಒಟ್ಟು ಹನ್ನೊಂದು ನಿಮಿಷ ಆಡಿದ್ದಾನೆ. ಎಡಗೈಯವನು. ಬಲಮೂಲೆಯಲ್ಲಿ ಒಂಟಿಯಾಗಿ ಬಿಟ್ಟರೆ ಹಿಂಜರಿಯದೆ ಎಸೆಯುತ್ತಾನೆ.’

ಅಕ್ಕನ ಮನೆಗೆ ಹೋದಾಗ ಇದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮೊಮ್ಮಗನ ಕೆಲಸದ ಬಗ್ಗೆ ಅವಳಿಗೆ ಇರುವಷ್ಟು ಕಳವಳ ಯಾರಿಗೂ ಇಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೇಳಿದಳು.

“ಆ ಕೊನೇ ಹುಡುಗನ್ನ ಅವತ್ತು ಆಡ್ಸಿದ್ರೇನೋ?”

ನನಗೆ ತಿಳಿದಿರಲಿಲ್ಲ. ಆ ರಾತ್ರಿಯೇ ಹುಡುಗನಿಗೆ ಸಂದೇಶ ಕಳಿಸಿ ವಿಚಾರಿಸಿದೆ. ಎರಡು ನಿಮಿಷ ಆಡಿಸಿದರಂತೆ. ಬಲಮೂಲೆಗೆ ಓಡಿ ನಿಂತನಂತೆ. ಇವರ ತಂಡದವನೊಬ್ಬ ಅಷ್ಟರಲ್ಲಿಯೇ ಅಲ್ಲಿಗೆ ತಲುಪಿದ್ದನಂತೆ.